ಮೇಲಿನ ತುಂಡಿನ ಕಾಫಿ

ಒಂದು ಕಡೆ ಕೂತು ಕಾಫಿ ಕುಡಿದು ನನಗೆ ಗೊತ್ತಿಲ್ಲ. ಲೋಟ ಹಿಡಿದು ಹಿತ್ತಲಿಗೆ ಹೋಗುತ್ತೇನೆ, ಬಾಗಿಲಿಗೆ ಬರುತ್ತೇನೆ, ಒಲೆ ನೋಡುತ್ತೇನೆ, ಮತ್ತೆ ಹಿತ್ತಲಿಗೆ. ಮದುವೆಯಾಗಿ ಬಂದ ಮೊದಲ ವಾರವೇ ಅತ್ತೆ ನನಗೆ ‘ಕಾಲು ಸುಟ್ಟ ಬೆಕ್ಕು’ ಅಂತ ಹೆಸರಿಟ್ಟರು. ಹೆಸರೇನೋ ಸರಿಯಾಗಿಯೇ ಇತ್ತು. ಎಪ್ಪತ್ತರ ದಶಕದ ಶುರುವಿನಲ್ಲಿ ಸಖರಾಯಪಟ್ಟಣದ ಆ ತೆಂಗಿನ ತೋಟದವರ ಮನೆಗೆ ನಾನು ತಂದದ್ದು ಎರಡು ಟ್ರಂಕು, ಒಂದು ಹಿತ್ತಾಳೆ ಫಿಲ್ಟರು, ಒಂದು ಸಣ್ಣ ಗೋಣಿಚೀಲದ ತುಂಬ ಕಾಫಿ ಬೀಜ, ಮತ್ತೆ ಈ ನನ್ನ ನಾಲಿಗೆ. ನಾಲಿಗೆಯೇ ಎಲ್ಲಕ್ಕಿಂತ ಭಾರ ಇತ್ತು ಅಂತ ಆಮೇಲೆ ಗೊತ್ತಾಯಿತು.

ನನ್ನ ತವರು ತರೀಕೆರೆ ತಾಲ್ಲೂಕಿನದು. ಲಿಂಗದಹಳ್ಳಿ ದಾಟಿ ಗುಡ್ಡದ ಬುಡಕ್ಕೆ ಹೋದರೆ ಅಪ್ಪನ ಆರು ಎಕರೆ ಕಾಫಿ. ಕಾಫಿ ತೋಟ ಅಂದ ಕೂಡಲೇ ಜನ ಬಂಗಲೆ, ಜೀಪು, ಬೂಟು ಅಂತೆಲ್ಲ ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಅಪ್ಪ, ಅವ್ವ, ಅಣ್ಣ, ನಾನು ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಹಣ್ಣು ಬಿಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಐದು ಎಕರೆ ಕೆಳಗಿನ ತೋಟ. ಅಲ್ಲಿ ಅಣ್ಣ ಹೊಸ ತಳಿ ಹಾಕಿದ್ದ. ಉಳಿದ ಒಂದು ಎಕರೆ ಕಡಿದಾದ ಏರಿನ ಮೇಲೆ, ತಾತ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಹಳೇ ಗಿಡಗಳು. ಅದಕ್ಕೆ ಮೇಲಿನ ತುಂಡು ಅನ್ನುತ್ತಿದ್ದೆವು. ಗಿಡಕ್ಕೆ ಕಾಂಡಕೊರಕ ಹುಳದ ಕಾಟ, ಫಸಲು ಅಷ್ಟಕ್ಕಷ್ಟೆ. ಆದರೆ ಆ ಕಾಫಿಯ ರುಚಿಯೇ ಬೇರೆ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು, ಅಪ್ಪ ಎಲ್ಲರಿಗಿಂತ ಜೋರಾಗಿ.

ಆ ಕಾಲದಲ್ಲಿ ಬೆಳೆದವರು ಬೆಳೆದ ಕಾಫಿಯನ್ನು ತಮಗೆ ಬೇಕಾದವರಿಗೆ ಮಾರುವ ಹಾಗಿರಲಿಲ್ಲ. ಎಲ್ಲವೂ ‘ಪೂಲು’ ಅನ್ನುವ ಸರ್ಕಾರದ ಒಟ್ಟು ದಾಸ್ತಾನಿಗೆ ಹೋಗಬೇಕು. ಮನೆ ಖರ್ಚಿಗೆ ಅಂತ ಒಂದಿಷ್ಟು ಉಳಿಸಿಕೊಳ್ಳಬಹುದು, ಅಷ್ಟೆ. ಅಲ್ಲಿ ಕಾಳು ದಪ್ಪವೋ ಸಣ್ಣದೋ, ಕಪ್ಪು ಕಾಳು ಎಷ್ಟು ಅಂತ ನೋಡಿ ರಾಶಿಗೆ ಸೇರಿಸಿದರೆ ಮುಗಿಯಿತು. ಯಾರ ತೋಟದ್ದು, ಯಾವ ಏರಿನದ್ದು ಅನ್ನುವ ಮಾತೇ ಇಲ್ಲ. ‘ಸಮುದ್ರಕ್ಕೆ ಹುಯ್ದ ಚೊಂಬು ನೀರು’ ಅನ್ನುತ್ತಿದ್ದರು ಅಪ್ಪ. ಅದಕ್ಕೇ ಅವ್ವ ಒಂದು ಪದ್ಧತಿ ಮಾಡಿದ್ದಳು. ಮನೆ ಖರ್ಚಿನ ಪಾಲಿನಲ್ಲಿ ಮೇಲಿನ ತುಂಡಿನ ಬೀಜವನ್ನು ಬೇರೆಯೇ ತೊಳೆದು, ಬೇರೆಯೇ ಒಣಗಿಸಿ, ಅಷ್ಟನ್ನೂ ವರ್ಷಕ್ಕೊಂದು ಸಲ ನನಗೆ ಕಳಿಸುವುದು. ಅವರು ಕೆಳಗಿನ ತೋಟದ್ದು ಕುಡಿಯುವುದು. ‘ಒಬ್ಳಾದ್ರೂ ಅದನ್ನ ಅದು ಅಂತ ಕುಡೀಲಿ’ ಅನ್ನುತ್ತಿದ್ದಳಂತೆ.

ಮೊದಲ ದಿನ ಬೆಳಿಗ್ಗೆ ನಾನೇ ಹುರಿದು, ಪುಡಿ ಮಾಡಿ, ಅತ್ತೆಯ ಮುಂದೆ ಲೋಟ ಇಟ್ಟು, ‘ನಮ್ಮನೆ ಕಾಫಿ ಅತ್ತೆ, ಕುಡಿದು ನೋಡಿ’ ಅಂದೆ.

‘ನಿಮ್ಮನೆ ಕಾಫಿ ಅನ್ನು. ನಮ್ಮನೆ ಅಂದ್ರೆ ಇದು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಗೊತ್ತಿಲ್ವಾ?’ ಅಂದರು. ಅಂದವರು ಲೋಟ ಬರಿದು ಮಾಡಿ ಇನ್ನೊಂದಕ್ಕೆ ಕೈ ಚಾಚಿದರು. ಸ್ನಾನ, ಪೂಜೆ ಆಗದೆ ತೊಟ್ಟು ನೀರು ಮುಟ್ಟದ ಹೆಂಗಸು ಆಮೇಲಾಮೇಲೆ ಕಾಫಿಗೆ ಮಾತ್ರ ದೇವರ ಹತ್ತಿರ ರಿಯಾಯಿತಿ ತೆಗೆದುಕೊಂಡರು. ಆದರೂ ಹತ್ತು ಹನ್ನೆರಡು ವರ್ಷ ಒಂದು ದಿನವೂ ತಪ್ಪದೆ ‘ನಿಮ್ಮನೆ ಕಾಫಿ ಆಯ್ತೇನೇ?’ ಅಂತಲೇ ಕೇಳಿದರು. ನನಗೆ ಪ್ರತಿ ಸಲವೂ ಮೈ ಉರಿಯುತ್ತಿತ್ತು.

ಬೀಜ ಎಲ್ಲಿಡುವುದು ಅನ್ನುವ ಪ್ರಶ್ನೆ ಆ ಮನೆಯಲ್ಲಿ ಹುಟ್ಟಲೇ ಇಲ್ಲ. ಕೆಡಬಾರದ ಯಾವ ಪದಾರ್ಥಕ್ಕೂ ಅತ್ತೆಯ ಬಳಿ ಒಂದೇ ಜಾಗ, ಅಟ್ಟ. ಅಡುಗೆಮನೆಯ ಮೇಲೆ ಬಿದಿರು ಗಳ ಹಾಸಿದ ಅಟ್ಟ, ಅದರ ತುಂಬ ತೆಂಗಿನಕಾಯಿ. ಕೆಳಗಿನ ಒಲೆಯ ಕಾವು, ಹೊಗೆ ತಿಂದು ತಿಂಗಳುಗಟ್ಟಲೆ ಅಲ್ಲೇ ಕೂತು ಒಳಗೊಳಗೇ ಒಣಗಿ ಉಂಡೆ ಕೊಬ್ಬರಿ ಆಗಬೇಕಾದ ಕಾಯಿ. ಅವುಗಳ ಮಧ್ಯೆ ಜಾಗ ಮಾಡಿ ನನ್ನ ಚೀಲ ಇಡಿಸಿದರು. ‘ಇಲ್ಲಿ ಥಂಡಿ ಅನ್ನೋದು ಸುಳಿಯಲ್ಲ ಕಣೇ’ ಅಂದರು. ನಿಜ, ಒಂದು ಕಾಳೂ ಬೂಷ್ಟು ಹಿಡಿಯಲಿಲ್ಲ.

ನನ್ನ ಜಂಬದ ಬಗ್ಗೆಯೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಯಾರ ಮನೆಗೆ ಹೋದರೂ ಕಾಫಿ ಕೊಟ್ಟರೆ ಮೊದಲು ಮೂಗಿಗೆ ಹಿಡಿಯುತ್ತಿದ್ದೆ. ಅಣ್ಣನ ಹೆಂಡತಿಯ ಊರು ಅಜ್ಜಂಪುರದ ಹತ್ತಿರ ಬುಕ್ಕಾಂಬುಧಿ. ಕರಿಮಣ್ಣಿನ ಸೀಮೆಯವಳು ಅತ್ತಿಗೆ, ಮಜ್ಜಿಗೆ ಬಿಟ್ಟರೆ ಬೇರೆ ಏನೂ ಕುಡಿಯದವಳು. ಅವಳ ತಂಗಿಯ ಮದುವೆಗೆ ಅಲ್ಲಿಗೆ ಹೋದಾಗ ಬೀಗರು ಕೊಟ್ಟ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟು, ‘ಇದು ಕಾಫಿ ಅಲ್ಲ, ಚಿಕೋರಿ ಕಷಾಯ’ ಅಂದುಬಿಟ್ಟೆ. ಚಪ್ಪರದಲ್ಲಿದ್ದ ಹೆಂಗಸರೆಲ್ಲ ತಿರುಗಿದರು. ನಾನು ಇನ್ನೂ ಏರಿಸಿ, ‘ಕಣ್ಣು ಕಟ್ಟಿ ಕೊಡಿ ಬೇಕಾದ್ರೆ, ನಮ್ಮ ಮೇಲಿನ ತುಂಡಿನ ಕಾಫೀನ ನೂರರಲ್ಲಿ ಹುಡುಕ್ತೀನಿ’ ಅಂದೆ. ಅಪ್ಪ ಪಕ್ಕದ ಸಾಲಿನಲ್ಲಿ ಊಟಕ್ಕೆ ಕೂತಿದ್ದರು. ಮುಖ ಅರಳಿದ್ದು ನನಗೆ ಕಾಣಿಸಿತು.

ಅದಾದ ಮೇಲೆ ಅವ್ವ ತೀರಿಕೊಂಡಳು. ಬೀಜ ಕಳಿಸುವ ಕೆಲಸ ಅಣ್ಣನ ಪಾಲಿಗೆ ಬಂತು. ಮೂರು ವರ್ಷ ಅವನೇ ಚೀಲ ಹೊತ್ತು ತಂದು ಕೊಟ್ಟ. ನಾನು ಹಾಗೇ ಹುರಿದೆ, ಹಾಗೇ ಕುಡಿದೆ, ಹಾಗೇ ಜಂಬ ಕೊಚ್ಚಿದೆ.

ಎಂಬತ್ತರ ದಶಕ ಶುರುವಾಗಿ ಮೂರೋ ನಾಲ್ಕೋ ವರ್ಷ ಆಗಿತ್ತು. ಕೊಯ್ಲು ಶುರುವಾಗುವ ಮುಂಚೆ ಅಪ್ಪನ ಕಾರ್ಡು ಬಂತು. ‘ನಿನ್ನ ಅಣ್ಣ ಮೇಲಿನ ತುಂಡನ್ನು ಬೇರು ಸಮೇತ ಕೀಳಿಸಿ ಹೊಸ ತಳಿ ಹಾಕುತ್ತಾನಂತೆ. ಪೂಲಿಗೆ ಹೋದ ಮೇಲೆ ಎಲ್ಲಾ ಒಂದೇ, ರುಚಿ ಯಾರಿಗೆ ಗೊತ್ತಾಗುತ್ತದೆ ಎಂದ. ನನ್ನ ಮಗಳಿಗೆ ಗೊತ್ತಾಗುತ್ತದೆ ಎಂದೆ. ಹಾಗಾದರೆ ಕುಡಿದು ತೋರಿಸಲಿ, ಮೇಲಿನ ತುಂಡಿನದು ಯಾವುದೆಂದು ಸರಿಯಾಗಿ ಹೇಳಿದರೆ ಗಿಡ ಮುಟ್ಟುವುದಿಲ್ಲ ಎಂದ. ಇಲ್ಲಿ ಅದರ ಬೀಜ ಒಂದು ಕಾಳೂ ಇಲ್ಲ. ನಿನ್ನಲ್ಲಿರುವುದನ್ನು ಒಂದು ಸೇರು ತೆಗೆದುಕೊಂಡು ಬೇಗ ಬಾ.’

ಕಾರ್ಡು ಓದಿದಾಗಿನಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮಾರನೇ ದಿನವೇ ಅಟ್ಟ ಹತ್ತಿ ಒಂದು ಸೇರು ಬೀಜ ಬಟ್ಟೆಯಲ್ಲಿ ಕಟ್ಟಿ ಹೊರಟೆ. ‘ನಿಮ್ಮನೆ ಗಿಡ ನಿಮ್ಮನೆಯೋರು ಕಿತ್ಕಂತಾರೆ, ನಿಂದೇನೇ ಮಧ್ಯ?’ ಅಂದರು ಅತ್ತೆ. ಉತ್ತರ ಕೊಡುತ್ತ ನಿಂತಿದ್ದರೆ ಬಸ್ಸು ತಪ್ಪುತ್ತಿತ್ತು. ಕಡೂರಿಗೆ ಒಂದು ಬಸ್ಸು, ಅಲ್ಲಿಂದ ತರೀಕೆರೆಗೆ ಇನ್ನೊಂದು, ಅಲ್ಲಿಂದ ಲಿಂಗದಹಳ್ಳಿಗೆ ಮತ್ತೊಂದು. ತರೀಕೆರೆಯಲ್ಲಿ ಆ ಕೊನೇ ಬಸ್ಸು ಎರಡು ಗಂಟೆ ತಡ. ನಾನು ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ಎಷ್ಟು ಸಲ ನಡೆದೆ ಅಂದರೆ, ಕಡಲೆಕಾಯಿ ಮಾರುವವಳು ‘ಕೂತ್ಕಳವ್ವ, ನೀನು ನಡೆದ್ರೆ ಬಸ್ಸು ಬಂದ್ಬಿಡುತ್ತಾ?’ ಅಂದಳು. ಹೆದರಿಕೆಯೇನೂ ಇರಲಿಲ್ಲ ನನಗೆ. ಗೆದ್ದೇ ಗೆಲ್ಲುತ್ತೇನೆ, ಬೇಗ ಗೆದ್ದುಬಿಡಬೇಕು ಅನ್ನುವ ಒದ್ದಾಟ.

ಮಾರನೇ ಬೆಳಿಗ್ಗೆ ಪಂಚಾಯಿತಿ ಅಡುಗೆಮನೆಯಲ್ಲೇ ನಡೆಯಿತು. ಅತ್ತಿಗೆ ಕಾಫಿ ಕುಡಿಯದವಳಾದ್ದರಿಂದ ಅವಳೇ ನ್ಯಾಯಾಧೀಶಳು. ಮೂರು ತರದ ಬೀಜ ಬೇರೆಬೇರೆ ಹುರಿದಳು. ನಾನು ತಂದದ್ದು ಒಂದು, ಕೆಳಗಿನ ತೋಟದ್ದು ಒಂದು, ಪಕ್ಕದ ತೋಟದವರಿಂದ ಕೇಳಿ ತಂದದ್ದು ಒಂದು. ಹುರಿಯುವಾಗ ನನ್ನನ್ನು ಬಾವಿಕಟ್ಟೆಗೆ ಅಟ್ಟಿದ್ದರು. ಹಾಲಿಲ್ಲ, ಬೆಲ್ಲವಿಲ್ಲ, ಬರೀ ಡಿಕಾಕ್ಷನ್ನು, ಮೂರು ಲೋಟ. ಅಣ್ಣ ಬಾಗಿಲಿಗೆ ಒರಗಿ ಕೈಕಟ್ಟಿ ನಿಂತಿದ್ದ, ತುಟಿಯಲ್ಲಿ ಒಂದು ತೆಳು ನಗು. ಆ ನಗು ನೋಡಿ ನನಗೆ ಇನ್ನೂ ಹುರುಪು ಬಂತು.

ಮೊದಲ ಲೋಟ ಬಾಯಿಗಿಟ್ಟೆ. ಪರವಾಗಿಲ್ಲ. ಎರಡನೆಯದು ಕಹಿ. ಮೂರನೆಯದು ಮೂಗಿನ ಹತ್ತಿರ ಬಂತೋ ಇಲ್ಲವೋ, ನನ್ನ ಎದೆಯೇ ತಣ್ಣಗಾಯಿತು. ಅದೇ ವಾಸನೆ. ಅದೇ ದಪ್ಪ, ಅದೇ ಜಿಡ್ಡಿನಂಥ ಮೆದು, ಕೊನೆಯಲ್ಲಿ ಒಂಚೂರು ಹೊಗೆ. ಗುಟುಕು ನುಂಗುವ ಮೊದಲೇ ‘ಇದು! ಇದೇ ನಮ್ಮ ಮೇಲಿನ ತುಂಡು!’ ಅಂತ ಕೂಗಿದೆ.

ಅತ್ತಿಗೆ ಲೋಟದ ತಳ ಎತ್ತಿ ತೋರಿಸಿದಳು. ಇದ್ದಿಲಲ್ಲಿ ಗೀಟು ಹಾಕಿದ್ದು ಅದೇ. ‘ಸರಿಯಾಗೈತೆ ಕಣ್ರೀ. ಇವ್ಳು ತಂದಿದ್ದು ಇದೇಯ’ ಅಂದಳು.

ಅಣ್ಣನ ಮುಖ ನೋಡಬೇಕಿತ್ತು. ನಗು ಎಲ್ಲಿ ಹೋಯಿತೋ, ಬಣ್ಣ ಎಲ್ಲಿ ಹೋಯಿತೋ. ಏನೋ ಹೇಳಲು ಬಾಯಿ ತೆರೆದ, ಅಪ್ಪನ ಕಡೆ ನೋಡಿದ, ಮುಚ್ಚಿದ. ಅಪ್ಪ ನನ್ನ ಕೈಯಿಂದ ಲೋಟ ತೆಗೆದುಕೊಂಡು ತಾವೂ ಒಂದು ಗುಟುಕು ಕುಡಿದರು. ಬಾಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡರು. ನುಂಗಿ ‘ಹೂಂ’ ಅಂದರು, ಲೋಟ ಕೆಳಗಿಟ್ಟರು. ‘ಮಾತು ಅಂದ್ರೆ ಮಾತು. ಗಿಡ ಮುಟ್ಟಂಗಿಲ್ಲ’ ಅಂತ ಅಣ್ಣನಿಗೆ ಹೇಳಿ, ಟವಲು ಹೆಗಲಿಗೆ ಹಾಕಿಕೊಂಡು ಏರಿನ ಕಡೆ ಹೋದರು. ನಾನು ಗೆದ್ದ ಖುಷಿಯಲ್ಲಿ ಅವರ ಬೆನ್ನು ಕೂಡ ಸರಿಯಾಗಿ ನೋಡಲಿಲ್ಲ.

ಮಧ್ಯಾಹ್ನ ಅಣ್ಣನೇ ನನ್ನನ್ನು ತರೀಕೆರೆವರೆಗೆ ಬಿಡಲು ಬಂದ. ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ನನ್ನ ರಟ್ಟೆ ಹಿಡಿದು ಗೋಡೆ ಪಕ್ಕ ಎಳೆದ.

‘ಲೇ, ನಿಜ ಹೇಳು. ಹೆಂಗ್ ಹೇಳ್ದೆ ನೀನು?’

‘ಹೆಂಗೆ ಅಂದ್ರೆ? ರುಚಿ ನೋಡಿ.’

‘ಏನ್ ರುಚಿ? ಎರಡೂ ಒಂದೇ ಬೀಜ ಕಣೇ!’ ಅವನ ದನಿ ಸೀಳಿತು. ‘ನೀನು ತಂದಿದ್ದೂ ಕೆಳಗಿನ ತೋಟದ್ದೇ, ನಾವು ಇಟ್ಟಿದ್ದೂ ಕೆಳಗಿನ ತೋಟದ್ದೇ. ಅವ್ವ ಹೋದ್ಮೇಲೆ ಎರಡು ಡಬ್ಬ ಹಣ್ಣಿಗೆ ಬೇರೆ ತೊಳೆಯೋದು, ಬೇರೆ ಒಣಗ್ಸೋದು ಯಾರು ಮಾಡ್ತಾರೆ? ಎಲ್ಲಾ ಒಟ್ಟಿಗೆ ಪೂಲಿಗೆ ಹಾಕ್ಬಿಟ್ಟೆ, ಕೆಳಗಿನ ತೋಟದ್ದು ನಿಂಗೆ ತಂದ್ಕೊಟ್ಟೆ. ಮೂರು ವರ್ಷದಿಂದ ನೀನು ಕುಡೀತಿರೋದು ಅದನ್ನೇ. ಒಂದೇ ಬೀಜ, ತಡಕಾಡ್ತಾಳೆ, ಗ್ಯಾರಂಟಿ ಸೋಲ್ತಾಳೆ ಅಂದ್ಕಂಡಿದ್ದೆ. ನೀನು ನೋಡಿದ್ರೆ ನುಂಗೋದ್ರೊಳಗೇ ಕೂಗ್ಬಿಟ್ಟೆ!’

ಇವನು ನಿಜ ಹೇಳಿದರೆ ಅಪ್ಪನ ಮುಂದೆ ಇವನ ಮೋಸ ಬಯಲಾಗುತ್ತದೆ. ಹೇಳದಿದ್ದರೆ ಗಿಡ ಉಳಿಯುತ್ತದೆ. ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದ. ‘ಕಳ್ಳ ನನ್ಮಗನೇ’ ಅಂತ ಬೈದೆ. ಬೈಗುಳದಲ್ಲಿ ಬಲವೇ ಇರಲಿಲ್ಲ. ಮೂರು ವರ್ಷ ನನಗೂ ಗೊತ್ತಾಗಿರಲಿಲ್ಲವಲ್ಲ!

ಬಸ್ಸಿನ ದಾರಿಯುದ್ದಕ್ಕೂ ತಲೆ ಕೆಟ್ಟು ಮೊಸರಾಯಿತು. ಒಂದೇ ಬೀಜವಾದರೆ ಎರಡು ರುಚಿ ಎಲ್ಲಿಂದ ಬಂತು? ಕಡೂರಿನಲ್ಲಿ ಇಳಿದೆ. ಸ್ಟ್ಯಾಂಡಿನ ಪಕ್ಕ ಒಂದು ಲಾರಿಗೆ ಕೊಬ್ಬರಿ ಮೂಟೆ ಹೇರುತ್ತಿದ್ದರು. ಒಂದು ಮೂಟೆಯ ಹೊಲಿಗೆ ಬಿಚ್ಚಿ ನಾಲ್ಕು ಉಂಡೆ ನನ್ನ ಕಾಲ ಹತ್ತಿರ ಉರುಳಿದವು. ಗಾಳಿ ಬೀಸಿತು. ಅದೇ ವಾಸನೆ. ಅದೇ ಜಿಡ್ಡು, ಅದೇ ಮೆದು, ಕೊನೆಯಲ್ಲಿ ಅದೇ ಒಂಚೂರು ಹೊಗೆ. ಅಯ್ಯೋ ಶಿವನೇ ಅಂತ ಅಲ್ಲೇ ಮೂಟೆಯ ಮೇಲೆ ಕುಸಿದು ಕೂತೆ. ನಾನು ಅಲ್ಲಿ ಎದೆ ತಟ್ಟಿ ಹುಡುಕಿ ಕೊಟ್ಟದ್ದು ಅತ್ತೆಯ ಅಟ್ಟವನ್ನು.

ಆಮೇಲಿನ ತಿಂಗಳುಗಳು ನನಗೆ ಬಿಸಿ ತುಪ್ಪವಾದವು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ತಾತನ ಗಿಡ ನಿಂತಿದ್ದವು, ಅದೂ ನನ್ನ ಸುಳ್ಳು ಸಾಕ್ಷಿಯ ಮೇಲೆ. ಅಪ್ಪನಿಗೆ ಹೇಳಿದರೆ ಗಿಡ ಹೋಗುತ್ತದೆ, ಅಣ್ಣನ ಮಾನವೂ ಹೋಗುತ್ತದೆ. ಹೇಳದಿದ್ದರೆ ಅಪ್ಪ ಊರೆಲ್ಲ ‘ನನ್ನ ಮಗಳ ನಾಲಿಗೆ’ ಅಂತ ಹೇಳಿಕೊಂಡು ತಿರುಗುತ್ತಾರೆ. ಅದನ್ನು ನೆನೆದರೆ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿತ್ತು. ಯಾರಾದರೂ ಕಾಫಿ ಅಂದರೆ ಸಾಕು, ಕುಂಬಳಕಾಯಿ ಕಳ್ಳ ಅಂದವರ ಮುಂದೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಆಗುತ್ತಿದ್ದೆ. ಹಿತ್ತಲಿಗೆ, ಬಾಗಿಲಿಗೆ, ಮತ್ತೆ ಹಿತ್ತಲಿಗೆ. ನನ್ನ ಯಜಮಾನರು, ಮಾತು ಕಡಿಮೆ ಆಡುವ ಮನುಷ್ಯ, ಒಂದು ದಿನ ‘ನೆಲ ಸವೀತಿದೆ, ಹೋಗಿ ಏನಿದ್ರೂ ಹೇಳಿ ಬಂದ್ಬಿಡು’ ಅಂದರು. ನಾನು ಅವರಿಗೆ ಏನೂ ಹೇಳಿರಲಿಲ್ಲ.

ಹೋದೆ. ಕೊಯ್ಲು ಮುಗಿದಿತ್ತು. ಅಪ್ಪ ಮನೆಯ ಪಕ್ಕದ ಕಣದಲ್ಲಿ ಒಂದು ಮೂಲೆಯಲ್ಲಿ, ಹೆಚ್ಚೆಂದರೆ ಚಾಪೆಯಷ್ಟು ಅಗಲಕ್ಕೆ ಹರಡಿದ ಬೀಜದ ಮೇಲೆ ಕೈಯಾಡಿಸುತ್ತಿದ್ದರು. ನಾನು ಕೂತುಕೊಳ್ಳಲೂ ಇಲ್ಲ. ನಿಂತಲ್ಲೇ ಎಲ್ಲಾ ಒಂದೇ ಉಸಿರಿಗೆ ಒದರಿದೆ. ಅಣ್ಣ ಮಾಡಿದ್ದು, ಅಟ್ಟ, ಕೊಬ್ಬರಿ, ಕಡೂರಿನ ಲಾರಿ, ಎಲ್ಲಾ.

ಅಪ್ಪ ತಲೆ ಎತ್ತಲಿಲ್ಲ. ‘ನಂಗೊತ್ತಿತ್ತಲ್ಲವ್ವ’ ಅಂದರು.

‘ಏನ್ ಗೊತ್ತಿತ್ತು?’

‘ಅವತ್ತು ನಾನೂ ಒಂದು ಗುಟುಕು ಕುಡಿದ್ನಲ್ಲ. ಮೇಲ್ಗಡೇದು ಅಲ್ಲ ಅಂತ ನಾಲಿಗೆ ಮೇಲೆ ಬಿದ್ದಾಗ್ಲೇ ಗೊತ್ತಾಯ್ತು. ಕೊಬ್ಬರಿ ವಾಸ್ನೆ ಬೇರೆ ಹೊಡೀತಿತ್ತು. ಅಲ್ಲ ಅಂದಿದ್ರೆ ಗಿಡ ಹೋಗೋವು. ಬಾಯಿ ಮುಚ್ಕಂಡೆ.’ ಅವರಿಗೆ ನಗು ಬಂತು. ‘ಅವನು ಕಳ್ಳ, ನೀನು ಸುಳ್ಳಿ, ನಾನು ಇಬ್ರಿಗೂ ಅಪ್ಪ.’

ನನಗೆ ನಗಲಾಗಲಿಲ್ಲ. ಅವರ ನಗುವೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಬೀಜದ ಮೇಲೆ ಕೈಯಾಡಿಸುತ್ತಲೇ, ‘ಗಿಡ ಉಳೀತು, ಅದು ಸರಿ. ಆದ್ರೆ ನಿಂಗೆ ಮರ್ತೇ ಹೋಗೈತಲ್ಲ ಅಂತ ಹೊಟ್ಟೆ ಉರೀತು ಕಣವ್ವ. ಅವತ್ತು ಏರಿಗೆ ಹೋಗಿ ಒಬ್ನೇ ಕೂತಿದ್ದೆ’ ಅಂದರು.

ನನಗೆ ಅಳು ಬಂತು. ಅಷ್ಟು ದೊಡ್ಡವಳು, ಎರಡು ಮಕ್ಕಳ ತಾಯಿ, ಕಣದ ಮಧ್ಯೆ ನಿಂತು ಜೋರಾಗಿ ಅತ್ತುಬಿಟ್ಟೆ. ಅಪ್ಪ ಸಮಾಧಾನ ಮಾಡಲಿಲ್ಲ. ಆ ಚಾಪೆಯಗಲದ ಬೀಜವನ್ನು ಬಾಚಿ ಹೊಸ ಚೀಲಕ್ಕೆ ತುಂಬಿ ಬಾಯಿ ಕಟ್ಟಿದರು. ‘ಈ ಸಲ ನಾನೇ ಬಿಡಿಸ್ದೆ, ನಾನೇ ತೊಳ್ದೆ. ತಗಂಡು ಹೋಗು. ಅಟ್ಟಕ್ಕೆ ಮಾತ್ರ ಹಾಕ್ಬೇಡ’ ಅಂದರು. ಅವರ ಬೆರಳುಗಳೆಲ್ಲ ಹಣ್ಣಿನ ರಸಕ್ಕೆ ಕಪ್ಪಾಗಿದ್ದವು.

ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಮೂರು ಬಸ್ಸು ಹತ್ತಿ ಇಳಿದೆ, ಒಬ್ಬರ ಸಾಮಾನಿನ ಪಕ್ಕವೂ ಇಡಲಿಲ್ಲ. ಮನೆಗೆ ಬಂದು ಮದುವೆಯ ಟ್ರಂಕಿನ ಸೀರೆಗಳನ್ನೆಲ್ಲ ಹೊರಗೆ ಸುರಿದು ಅದರೊಳಗೆ ಇಟ್ಟು ಬೀಗ ಹಾಕಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ‘ಅಟ್ಟಕ್ಕೇನಾಗಿತ್ತೇ ರೋಗ?’ ಅಂದರು. ಕೀಲಿಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ.

ಬೆಳಿಗ್ಗೆ ಹುರಿದೆ. ಹೊಗೆ ಏಳುವಾಗಲೇ ವಾಸನೆ ಬೇರೆ ಇತ್ತು. ಮೊದಲ ಲೋಟ ನಾನೇ ಕುಡಿದೆ, ಅವತ್ತು ಮಾತ್ರ ಒಲೆಯ ಮುಂದೆ ಕೂತು. ತೆಳ್ಳಗಿತ್ತು. ಮೊದಲು ಒಂಚೂರು ಹುಳಿ, ಹೇರಳೆಕಾಯಿ ಸಿಪ್ಪೆ ಚಿವುಟಿದ ಹಾಗೆ, ಆಮೇಲೆ ಗಂಟಲಲ್ಲಿ ಸಿಹಿ. ಇದು ನಾನು ಹುಟ್ಟಿ ಬೆಳೆದ ಮನೆಯ ರುಚಿ ಅಂತ ತಲೆ ಹೇಳುತ್ತಿತ್ತು, ನಾಲಿಗೆ ‘ಯಾರಿದು?’ ಅನ್ನುತ್ತಿತ್ತು. ತಾತ ನೀರು ಹೊತ್ತದ್ದು, ಅವ್ವ ಬೇರೆ ಒಣಗಿಸಿದ್ದು, ಅಪ್ಪ ಬಾಯಿ ಮುಚ್ಚಿಕೊಂಡು ಉಳಿಸಿದ್ದು ಈ ರುಚಿಗೆ, ನನಗೋ ಇದು ಅಪರಿಚಿತರ ಮನೆಯ ಕಾಫಿಯಂತೆ ಇತ್ತು.

ಅತ್ತೆಗೆ ಏನೂ ಹೇಳದೆ ಅವರ ಲೋಟ ತುಂಬಿಸಿ ಕೊಟ್ಟೆ. ಒಂದು ಗುಟುಕು ಕುಡಿದರು. ಹುಬ್ಬು ಗಂಟು ಹಾಕಿದರು. ಇನ್ನೊಂದು ಗುಟುಕು ಕುಡಿದು ಲೋಟದ ಒಳಗೆ ಇಣುಕಿ ನೋಡಿದರು.

‘ಇದು ನಮ್ಮನೆ ಕಾಫಿ ಅಲ್ಲ’ ಅಂದರು.

ನಮ್ಮನೆ ಕಾಫಿ! ಹತ್ತು ಹನ್ನೆರಡು ವರ್ಷ ಕಾದ ಮಾತು. ಅದು ಬಂದದ್ದು ಹೀಗೆ, ಅಲ್ಲ ಅನ್ನುವುದರ ಜೊತೆ. ನನಗೆ ನಗಬೇಕೋ ಜಗಳ ಆಡಬೇಕೋ ತಿಳಿಯಲಿಲ್ಲ. ಕೈಯಲ್ಲಿದ್ದ ಸೌಟು ಕೆಳಗಿಟ್ಟೆ, ಮತ್ತೆ ಎತ್ತಿಕೊಂಡೆ.

‘ಯಾರ ಮನೇದೇ ಇದು?’ ಅಂತ ಮತ್ತೆ ಕೇಳಿದರು.

ನಮ್ಮನೆ ಅನ್ನಲು ಬಾಯಿ ಬರಲಿಲ್ಲ. ‘ನಮ್ಮಪ್ಪಂದು’ ಅಂದೆ.

ಅತ್ತೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಉಳಿದದ್ದನ್ನು ತಳದವರೆಗೆ ಕುಡಿದು, ಲೋಟ ಮುಂದೆ ಚಾಚಿದರು.

‘ಇನ್ನೊಂದ್ಲೋಟ ಹಾಕು. ನೀನೂ ಹಾಕ್ಕೊಂಡು ಕೂತ್ಕ. ಇಬ್ರಿಗೂ ಅಭ್ಯಾಸ ಆಗ್ಬೇಕಲ್ಲ.’